ಇತರೆ

ಫೆಬ್ರವರಿ ಬಂತೆಂದರೆ ನನಗೆ ಫೋನಿನ ಕೆಲಸ.
ಹೋದ ಮೇ ತಿಂಗಳಲ್ಲಿ ಪದವಿ ಹೊತ್ತು ಹೊರಟವರು
ಆರುನೂರ ಹನ್ನೊಂದು ಹೆಸರು,
ಒಂದೊಂದಕ್ಕೂ ಮೂರು ಸಲ, ಅದು ನಿಯಮ.
ಕಿಟಕಿಯಾಚೆ ಸುಪೀರಿಯರ್ ಸರೋವರ ಗಡ್ಡೆಕಟ್ಟಿ ಬಿದ್ದಿದೆ,
ಅದಿರಿನ ಹಡಗುಗಳಿಗೆ ರಜೆ,
ಗಾಳ ಹಾಕುವವರ ನಾಲ್ಕು ತಗಡಿನ ಗೂಡು ಮಾತ್ರ
ಆ ಬಿಳುಪಿನ ಮೇಲೆ.

ಕೆಲಸದಲ್ಲಿದ್ದೀರಾ, ಓದುತ್ತಿದ್ದೀರಾ, ಹುಡುಕುತ್ತಿದ್ದೀರಾ,
ಇತರೆಯಾ?
ವರ್ಷಕ್ಕೆಷ್ಟು? ಸಾಲವೆಷ್ಟು ಬಾಕಿ?
ಏಪ್ರಿಲ್ಲಿಗೆ ವರದಿ ರಾಜಧಾನಿಯ ಸಮಿತಿಗೆ:
ಸರ್ಕಾರ ಹಾಕಿದ ಒಂದು ಡಾಲರು
ಎಷ್ಟು ಮರಿ ಹಾಕಿತು ಎಂದು.

ಟೈನಾ ಲಾಮ್ಸಾ, ಆಸ್ಪತ್ರೆಯ ಲ್ಯಾಬು, ರಾತ್ರಿ ಪಾಳಿ.
"ಸುತ್ತ ತೊಂಬತ್ತು ಮೈಲಿಗೆ ರಕ್ತ ನೋಡುವ ಕಣ್ಣು ಇವೆರಡೇ.
ಅದಕ್ಕೊಂದು ಚೌಕ ಇದೆಯಾ?"
ಇಲ್ಲ ಎಂದೆ.
ಮರಿಸಾ ಕಡೊಟ್, ಬುಡಕಟ್ಟಿನ ಶಾಲೆ, ಹನ್ನೆರಡು ಮಕ್ಕಳು.
ಅಜ್ಜಿಗೆ ಬರುತ್ತಿದ್ದ, ಅಮ್ಮನಿಗೆ ಬಾರದ ಭಾಷೆಯಲ್ಲಿ
ಅವಳು ಅವರಿಗೆ ಎಣಿಸಲು ಕಲಿಸುತ್ತಾಳೆ.
ಇಪ್ಪತ್ತೊಂಬತ್ತು ಸಾವಿರ.
ಎರಡು ಸಲ ಹೇಳಿದಳು, ನಾನು ಎರಡು ಸಲ ಕೇಳಿದ್ದಕ್ಕೆ.
ಇನ್ನೊಬ್ಬನ ತಾಯಿ ಎತ್ತಿಕೊಂಡಳು:
ಮಲಗಿದ್ದಾನೆ, ಬೆಳಗಿನ ತನಕ ಹಿಮ ಗುಡಿಸಿ ಬಂದು, ಎಬ್ಬಿಸಲೇ?
ಬೇಡ.

ಮಿನಿಯಾಪೊಲಿಸ್ಸಿನ ವಿಮಾ ಕಂಪನಿಯಿಂದ ಕೋಲ್ಬಿ ಸ್ಟೆನ್ರೂಡ್.
ಎಂಬತ್ತನಾಲ್ಕು ಸಾವಿರ ಎನ್ನುವಾಗ
ದನಿ ತಗ್ಗಿಸಿದ, ಕದ್ದವನ ಹಾಗೆ.
ಅವನಿಂದ ನಮ್ಮ ನಕ್ಷೆ ಒಂದು ಗೇಣು ಏಳುತ್ತದೆ.
ಫೋನಿಡುವ ಮೊದಲು ಕೇಳಿದ,
"ಸರೋವರ ಪೂರ್ತಿ ಕಟ್ಟಿದೆಯಾ?"
ಬರೆದುಕೊಳ್ಳಲು ಜಾಗವಿರಲಿಲ್ಲ.

ಸಲಹೆಗಾರ ಬಂದಿದ್ದ ಜನವರಿಯಲ್ಲಿ,
ಉಪ್ಪಿನ ಕಲೆಯಿಲ್ಲದ ಬೂಟು.
ಶಿಕ್ಷಕರು, ಸಮಾಜಸೇವೆ, ಈ ಸಾಲುಗಳು
ಹತ್ತು ವರ್ಷವಾದರೂ ಋಣದಲ್ಲೇ, ಎಂದ.
ಬೆರಳಿಟ್ಟು ತೋರಿಸಿದ: ಅಂಕಿಯ ಮುಂದೆ ಸಣ್ಣ ಅಡ್ಡಗೆರೆ.
ಋಣ, ಸರಿಯೇ.
ಯಾರಿಗೆ ಯಾರದೆಂದು ಯಾರೂ ಕೇಳಲಿಲ್ಲ.
ನನಗೋ ಆ ಗೆರೆ
ಒಡೆದ ಗಡ್ಡೆಯ ಮೇಲೆ ದಾಟಲು ಹಾಕಿದ ಹಲಗೆಯಂತೆ ಕಂಡಿತು.

ನಾನೂ ಇದೇ ಕಟ್ಟಡದ ಫಸಲು.
ಇಪ್ಪತ್ತೆರಡು ವರ್ಷ ಗಿರಣಿಯಲ್ಲಿ ಕಾಗದ ಮಾಡಿದೆ,
ಅದರ ಮೇಲೆ ಬರೆದವಳಲ್ಲ.
ಗಿರಣಿ ಮುಚ್ಚಿದ ಮೇಲೆ ಸಂಜೆ ತರಗತಿ, ಏಳು ವರ್ಷ.
ಸರಾಸರಿ ಎಂದರೆ
ಯಾರೂ ನಿಂತಿರದ ಜಾಗವೆಂದು ತಿಳಿದದ್ದು
ನಲವತ್ತನಾಲ್ಕನೆಯ ವಯಸ್ಸಿಗೆ, ಕೋಣೆ ಸಂಖ್ಯೆ ಇನ್ನೂರ ಆರರಲ್ಲಿ.
ತಿಂಗಳಿಗೆ ನೂರ ಹದಿನೇಳು ಡಾಲರು, ಅರವತ್ತೊಂದರ ತನಕ.
ಯಾರೂ ಇಲ್ಲದ ಒಂದು ಮಧ್ಯಾಹ್ನ
ನನ್ನದನ್ನೂ ಆ ಸೂತ್ರಕ್ಕೆ ಹಾಕಿ ನೋಡಿದೆ.
ಬಂತು, ಅದೇ ಅಡ್ಡಗೆರೆ.
ಊಟದ ಡಬ್ಬಿ ತೆಗೆದು ತಿಂದೆ.

ಆರುನೂರ ಹನ್ನೊಂದು, ಮೂರನೆಯ ಸಲ.
ಅಕೌಂಟಿಂಗ್, ಎರಡನೆಯ ದರ್ಜೆ, ಡ್ವೇನ್ ಪೆಲ್ಟೊಮಾ.
ಅತ್ತ ಬರೀ ಗಾಳಿ, ತಗಡು ಬಡಿಯುವ ಸದ್ದು.
ಕೆಲಸದಲ್ಲಿದ್ದೀರಾ ಎಂದೆ.
"ತಡೀರಿ ಮೇಡಂ, ಗಾಳ ಎಳೀತಿದೆ."
ಕಿಟಕಿಗೆ ಹೋದೆ, ತಂತಿ ಎಳೆದಷ್ಟು ದೂರ.
ನಾಲ್ಕು ಗೂಡು. ಒಂದರಲ್ಲಿ ಹೊಗೆ.
ಪೆನ್ನು ಇನ್ನೂ ಕೈಯಲ್ಲೇ ಇತ್ತು.
ತಡೆದೆ.