ಹದಿನೈದನೆಯ ಸಲ

ಕೊನೆಯ ನಿಲ್ದಾಣ. ದೌಗವ್‌ಪಿಲ್ಸ್‌ನಲ್ಲಿ ಇನ್ನೂ ಬೆಳಕಿಲ್ಲ.
ಟ್ರಾಮ್ ನಿಲ್ಲಿಸಿ, ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ವಿಲ್ಮಾ ಫೋನಿನೊಳಗೆ ಪಟ್ಟಕ್ಕೇರುತ್ತಾಳೆ:
ವಯಸ್ಸು ಹನ್ನೊಂದು, ಅಪ್ಪ ಸತ್ತು ಮೂರು ದಿನ,
ಕಿರೀಟ ಕಿವಿಯವರೆಗೆ ಜಾರುತ್ತದೆ.

ಹದಿನಾಲ್ಕು ಸಲ ಸತ್ತಿದ್ದಾಳೆ ಈ ಚಳಿಗಾಲ.
ಮೆಟ್ಟಿಲಲ್ಲಿ, ಬೇಟೆಯಲ್ಲಿ, ಒಮ್ಮೆ ಬರೀ ನೆಗಡಿಯಲ್ಲಿ,
ವೈದ್ಯನಿಗೆ ಸಂಬಳ ಕೊಡಲು ಮರೆತು.
ಆರು ಸಲ ಇದೇ ಮರಸೇಬು,
ಅಡುಗೆಯವನ ಮಗ ಎರಡೂ ಕೈಯಲ್ಲಿ ಹಿಡಿದು ತರುವ ಇದೇ ಹಣ್ಣು.

ತಿನ್ನು.
ಬೇಡವೆನ್ನು.
ಬೇಡವೆಂದರೆ ಹುಡುಗ ಗಲ್ಲಿಗೆ; ಅದೂ ಗೊತ್ತು.
ಚಿಕ್ಕಪ್ಪ ಕಂಬದ ಮರೆಯಲ್ಲಿ ಉಗುರು ನೋಡಿಕೊಳ್ಳುತ್ತಿದ್ದಾನೆ.

ಇಂದು ಮೂರನೆಯದೊಂದು ಸಾಲು. ಮೊದಲು ಇರಲಿಲ್ಲ,
ಅಥವಾ ಅಷ್ಟು ಕೆಳಗೆ ಸರಿಸಿ ನೋಡಿರಲಿಲ್ಲ:
ಹುಡುಗನ ಹೆಸರು ಕೇಳು.

ಒತ್ತುತ್ತಾಳೆ. ಪರದೆಯಲ್ಲಿ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ.
ಇಲ್ಲಿ ಸಿಗ್ನಲ್ ಯಾವಾಗಲೂ ಹೀಗೇ.
ನಾಲ್ಕೂ ನಲವತ್ತು.
ಫೋನು ಕಿಸೆಗೆ. ಕಬ್ಬಿಣದ ಸಲಾಕೆ ಹಿಡಿದು ಇಳಿದು
ಹಿಮ ಕೆದಕಿ, ಹಳಿಯ ನಾಲಿಗೆ ತಿರುಗಿಸುತ್ತಾಳೆ.

ಮೊದಲ ಪ್ರಯಾಣಿಕ ಟೋಪಿ ಕೊಡವುತ್ತ ಹತ್ತುತ್ತಾನೆ.
ಆರು ವರ್ಷದಿಂದ ಇದೇ ಹೊತ್ತು, ಇದೇ ಟೋಪಿ.
"ನಿಮ್ಮ ಹೆಸರು?" ಎಂದುಬಿಡುತ್ತಾಳೆ ವಿಲ್ಮಾ.

ಅವನು ಗಾಬರಿಬಿದ್ದು
ಟಿಕೆಟ್ಟಿಗಾಗಿ ಕಿಸೆ ತಡಕುತ್ತಾನೆ.