ಎಪ್ಪತ್ತೆರಡು ಗಂಟೆ

ಬೆಳಗಿನ ಜಾವ ಬಾಗಿಲು ಬಡಿದರು.
ಬಾಗಿಲು ಅಂದೆನಲ್ಲ, ಅವರ ಕಾಗದದಲ್ಲಿ ಅದು
'ವಾಹನದ ಬಲಬದಿ'.

ಯುರೇಕಾದ ಹಳೇ ಮರದ ಮಿಲ್ಲಿನ ಹಿಂದೆ
ಕಡಲ ಮಂಜು ಕಿಟಕಿಗಾಜಿಗೆ ಕೆನೆ ಕಟ್ಟಿತ್ತು.
ನಾನಿನ್ನೂ ಹಲ್ಲಿನ ಸೆಟ್ಟು ಹಾಕಿಕೊಂಡಿರಲಿಲ್ಲ.
ಗ್ಲಾಸಿನ ನೀರಲ್ಲಿ ಕೂತು ಅದು
ನನಗಿಂತ ಮೊದಲೇ ಅವರನ್ನು ನೋಡಿ ನಕ್ಕಿತು.

ಇಬ್ಬರು. ಹಿರಿಯವನು ಓಕರ್‌ಸ್ಟ್ರಮ್,
ಟಾರ್ಚನ್ನು ಈಟಿಯಂತೆ ಭುಜದೆತ್ತರಕ್ಕೆ ಹಿಡಿದಿದ್ದ.
ಕಿರಿಯವನ ಹೆಸರು ಎದೆಯ ಮೇಲೆ ಓದಿದೆ: ರೆಂಟೆರಿಯಾ.
"ಮೇವಿಸ್ ಟಾಲ್‌ಬರ್ಟ್ ನೀವೇನಾ?
ಈ ಗಾಡಿಯಲ್ಲಿ ಏನೋ ಮಾರಾಟ ನಡೆಯುತ್ತಂತೆ, ದೂರು ಬಂದಿದೆ."
"ಜಡ್ಜ್ ಸಹಿ ಮಾಡಿದ ಕಾಗದ ಎಲ್ಲಿ?"
"ಅದು ಮನೆಗಾದರೆ ಬೇಕು, ಮೇಡಂ. ಇದಕ್ಕೆ ಚಕ್ರ ಇದೆ."

ಚಕ್ರ ಇದೆ. ನಿಜ. ಆರು.
ಮೂವತ್ತೊಂದು ವರ್ಷ ಊರಿನ ಮಕ್ಕಳನ್ನು
ಶಾಲೆಗೆ ಹೊತ್ತ ಚಕ್ರ. ಅದರಲ್ಲಿ ಹತ್ತೊಂಬತ್ತು ವರ್ಷ
ಸ್ಟೇರಿಂಗು ಹಿಡಿದವಳು ನಾನೇ.
ಬಾಡಿಗೆ ಮನೆ ಕೈತಪ್ಪಿದ ವರ್ಷವೇ
ಹರಾಜಿಗೆ ಬಂತು ಬಸ್ಸು; ಕೈ ಎತ್ತಿದೆ.

ಚಕ್ರ ಕಳಚಿ ಇಟ್ಟಿಗೆಯ ಮೇಲೆ ಕೂರಿಸೋಣವೆಂದರೆ
ಇನ್ನೊಂದು ಕಾಯಿದೆ ಕಾದು ಕೂತಿದೆ:
ಎಪ್ಪತ್ತೆರಡು ಗಂಟೆ ಮೀರಿ ಒಂದೇ ಕಡೆ ನಿಂತರೆ
ಕೊಂಡಿ ಹಾಕಿ ಎಳೆದೊಯ್ಯುತ್ತಾರೆ.
ನಿಂತರೆ ತಪ್ಪು. ಹೊರಟರೆ ಮನೆಯಲ್ಲ.
ಇವೆರಡನ್ನೂ ಬರೆದವರು
ಅಕ್ಕಪಕ್ಕದ ಕೋಣೆಯಲ್ಲಿ ಕೂತಿದ್ದರೇನೋ,
ನಡುವಿನ ಗೋಡೆ ಗಟ್ಟಿಯಿತ್ತು.

ಹುಡುಕಿದರು.
ಹಾಸಿಗೆ ಎತ್ತಿದರು, ನನ್ನ ಮೈಯ ಬಿಸಿ ಇನ್ನೂ ಅಲ್ಲೇ ಇತ್ತು.
ದಾರದ ಮೇಲೆ ಒಣಹಾಕಿದ ಒಳಬಟ್ಟೆ
ಟೋಪಿಗೆ ತಾಗಿ ಓಕರ್‌ಸ್ಟ್ರಮ್ ತಲೆ ಬಗ್ಗಿಸಿದ.
ಹುಳಿಹಿಟ್ಟಿನ ಜಾಡಿ ಮೂಸಿದರು.
ತೀರಿಹೋದ ಗಂಡ ಬರೆದ ಕಾಗದಗಳ ಕಟ್ಟು ಬಿಚ್ಚಿದರು,
ಮತ್ತೆ ಕಟ್ಟಲಿಲ್ಲ.
ಬಿಸ್ಕತ್ತಿನ ಡಬ್ಬಿಯಲ್ಲಿ ಸಿರಿಂಜು ಸಿಕ್ಕಾಗ
ಒಳಗಿನ ಗಾಳಿಯೇ ಬಿಗಿಯಿತು.
"ಯಾರದ್ದು?"
"ಬೆಕ್ಕಿನದ್ದು. ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ."
ಡ್ರೈವರ್ ಸೀಟಿನ ಮೇಲಿಂದ ಡೀಕನ್ ಆಕಳಿಸಿದ,
ಪ್ರಮಾಣ ಮಾಡಿ ಸಾಕ್ಷಿ ನುಡಿದ ಹಾಗೆ.

ಏನೂ ಸಿಗಲಿಲ್ಲ.
ಏನೂ ಸಿಗಲಿಲ್ಲ ಅಂತ ಬರೆದುಕೊಡಿ ಅಂದೆ.
ಅದಕ್ಕೆ ಫಾರಂ ಇಲ್ಲವಂತೆ.

ಆದರೆ ಒಂದು ಮಾತು ಹೇಳಲೇಬೇಕು.
ಒಳಗೆ ಬರುವಾಗ, ಮೆಟ್ಟಿಲ ಮೇಲೆ,
ಹಳೇ ಸ್ವೆಟರಿನ ಉಣ್ಣೆಯಲ್ಲಿ ನಾನು ಹೆಣೆದ ಕಾಲೊರಸಿಗೆ
ಆ ಹುಡುಗ ರೆಂಟೆರಿಯಾ ಬೂಟು ಒರೆಸಿದ.
ಎಡಗಾಲು, ಆಮೇಲೆ ಬಲಗಾಲು.
ಯಾರೂ ಹೇಳಿರಲಿಲ್ಲ.
ಅವನಿಗೂ ಗೊತ್ತಾಗಿರಲಿಕ್ಕಿಲ್ಲ.
ಗಾಡಿ ಹತ್ತುವಾಗ ಯಾರಾದರೂ ಹಾಗೆ ಒರೆಸುತ್ತಾರೆಯೇ?
ಅವನ ತಾಯಿ ಕಲಿಸಿದ ಕಾಲು ಅದು,
ಹೊಸಿಲು ಎಲ್ಲಿದ್ದರೂ ಗುರುತು ಹಿಡಿಯುತ್ತದೆ.

ಕೋರ್ಟಿಗೆ ಹೋಗು ಅನ್ನುತ್ತಾಳೆ ಪಕ್ಕದ ವ್ಯಾನಿನ ಇನೆಜ್.
ಹೋಗಿ ಏನನ್ನು ಹಾಜರುಪಡಿಸಲಿ, ಆ ಕಾಲೊರಸನ್ನೇ?
ಮಣ್ಣು ಅಂಟಿದೆ. ಒಗೆದಿಲ್ಲ.

ಇವತ್ತು ಗುರುವಾರ, ಗಂಟೆ ಮುಗಿಯುತ್ತಾ ಬಂತು.
ಕಾಗದಗಳನ್ನು ಮತ್ತೆ ಕಟ್ಟಿದ್ದೇನೆ,
ತಾರೀಕು ಹಿಂದುಮುಂದಾಗಿ ಅವನು ಈಗ
ಮದುವೆಯಾದ ಮೇಲೆ ನನ್ನ ಹೆಸರು ಕೇಳುತ್ತಾನೆ.
ಕೀಲಿ ತಿರುವಿದರೆ ಎಂಜಿನ್ನು ಕೆಮ್ಮುತ್ತದೆ,
ಲೋಟಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ.
ಮೀನಿನ ಗೋದಾಮಿನ ಆಚೆ, ಇನ್ನೂರು ಗಜ, ಅಷ್ಟೇ.
ಬ್ರೇಕು ಎಳೆದು, ಪರದೆ ಇಳಿಸಿ,
ಕಾಲೊರಸು ಹಾಸುತ್ತೇನೆ.
ಡೀಕನ್‌ಗೆ ಸೂಜಿಯ ಹೊತ್ತಾಯಿತು.