ಎರಡನೇ ಪಾಸ್

ಹಿದ್ದ್‌ನ ಡ್ರೈಡಾಕಿನಲ್ಲಿ ಹತ್ತೊಂಬತ್ತು ವರ್ಷ
ಹಡಗಿನ ಹೊಟ್ಟೆಯೊಳಗೆ ಕೂತು ಪೈಪು ಬೆಸೆದವನು ನಾನು.
ಆರ್ಗಾನಿನ ದನಿ ನನಗೆ ಗೊತ್ತು.
ವಾಲ್ವು ತಿರುಗಿಸಿದರೆ ಸುಸ್ಸೆನ್ನುತ್ತದೆ,
ಮಗುವಿಗೆ ಉಚ್ಚೆ ಹೊಯ್ಯಿಸುವ ತಾಯಿಯ ಹಾಗೆ.

ಆ ದನಿ ಆಗಸ್ಟಿನ ಒಂದು ಬೆಳಿಗ್ಗೆ
ಮನಾಮದ ಆಸ್ಪತ್ರೆಯಲ್ಲಿ ಕೇಳಿಸಿತು.
ಸ್ಕ್ಯಾನಿನ ಬಳೆಯೊಳಗೆ ಬೋರಲು ಮಲಗಿದ್ದೆ.
ಬೆನ್ನಲ್ಲಿ ಮೂರು ಸೂಜಿ.
ಎಡ ಮೂತ್ರಪಿಂಡದಲ್ಲಿ ನೆಲ್ಲಿಕಾಯಿಯಷ್ಟು ಗಂಟು.

"ಮೋನಬ್ಬಾ, ಅಲ್ಲಾಡಬೇಡಿ" ಎಂದರು ಡಾಕ್ಟರ್ ಬುದೂರ್.
ಅರಬಿಯಲ್ಲಿ ಪಕಾರವಿಲ್ಲ.
ಮೋನಪ್ಪ ನಾನು, ಒಂದೇ ಅಕ್ಷರದಲ್ಲಿ
ಊರಿನ ನೆರೆಮನೆಯ ಬ್ಯಾರಿಯಾದೆ.
ತಿದ್ದಲಿಲ್ಲ. ಇಬ್ಬರಿಗೂ ಒಟ್ಟಿಗೇ ವಾಸಿಯಾಗಲಿ.

"ಗ್ಯಾಸು ಯಾವುದು?"
"ಆರ್ಗಾನ್."
ನಗು ಬಂತು, ನಗುವಂತಿಲ್ಲ.
ನನ್ನ ಕೈಯಲ್ಲಿ ಅದು ಬೆಂಕಿಯ ಕಾವಲು,
ಕರಗಿದ ಉಕ್ಕಿನ ಚುಕ್ಕೆಗೆ ಗಾಳಿ ತಾಗದಂತೆ ಹಿಡಿದ ಕೊಡೆ.
ಇಲ್ಲಿ ಕೂದಲಿನಷ್ಟು ಕಿಂಡಿಯಿಂದ ನುಗ್ಗಿ
ಹಿಗ್ಗಿದ ಕೂಡಲೇ ಹಿಮ,
ಸೊನ್ನೆಯಿಂದ ನೂರನಲವತ್ತು ಡಿಗ್ರಿ ಕೆಳಗೆ.
ಹೊರಗೆ ನೆರಳಲ್ಲೇ ನಲವತ್ತಾರು,
ಮಧ್ಯಾಹ್ನದ ಕೆಲಸವನ್ನು ಸರಕಾರವೇ ನಿಲ್ಲಿಸಿದ ಬಿಸಿಲು.

ಹತ್ತು ನಿಮಿಷ ಹೆಪ್ಪುಗಟ್ಟಿಸಿ,
ಎಂಟು ನಿಮಿಷ ಕರಗಲು ಬಿಟ್ಟು,
ಮತ್ತೆ ಹತ್ತು.
ಪರದೆಯ ಮೇಲೆ ಕಪ್ಪು ಉಂಡೆಯೊಂದು ಮೆಲ್ಲಗೆ ದಪ್ಪವಾಯಿತಂತೆ.
ಎರಡು ಸಲ ಯಾಕೆಂದು ಕೇಳಲಿಲ್ಲ.
ಮೊದಲ ಪಾಸನ್ನು ನಂಬಬೇಡಿ ಎಂದು
ನಾನೇ ಎಷ್ಟು ಹುಡುಗರಿಗೆ ಬೈದಿಲ್ಲ.

ಒಂದು ಮಾತು ಮಾತ್ರ ಇನ್ನೂ ಚುಚ್ಚುತ್ತದೆ.
"ತೆಗೆದಿರಾ?"
"ಇಲ್ಲ. ಸತ್ತಿದೆ. ಅಲ್ಲೇ ಇರುತ್ತದೆ.
ನಿಮ್ಮ ಮೈಯೇ ಅದನ್ನು ತಿಂಗಳುಗಟ್ಟಲೆ ಸವೆಸಿಕೊಳ್ಳುತ್ತದೆ."
ನಮ್ಮಲ್ಲಿ ಹಾಗಿಲ್ಲ ಡಾಕ್ಟ್ರೇ.
ಎಕ್ಸ್‌ರೇಯಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೂ
ಉಜ್ಜಿ ತೆಗೆದು ತಳದಿಂದ ಬೆಸೆಯಬೇಕು.

ಮೂರು ಪಟ್ಟಿ ಅಂಟಿಸಿ ಮರುದಿನವೇ ಕಳಿಸಿದರು.
ಕ್ಯಾಂಪಿನಲ್ಲಿ ರೂಮಿನ ಹುಡುಗ
ಫ್ರೀಜರಿನ ಬೂತಾಯಿಯನ್ನು ಸಿಂಕಿನಲ್ಲಿಟ್ಟಿದ್ದ.
ಕಲ್ಲಿನ ಹಾಗಿದ್ದದ್ದು ನೋಡನೋಡುತ್ತ ಮೀನಾಯಿತು.
ಬೆನ್ನಿಗೆ ಕೈಯಿಟ್ಟು ನಿಂತೆ.
ಊಟ ಬೇಡವೆಂದೆ.
ಆಮೇಲೆ ಉಂಡೆ, ಎರಡು ಮೀನು.

ನವೆಂಬರಿನಲ್ಲಿ ಮತ್ತೆ ಸ್ಕ್ಯಾನು.
ಅಲ್ಲಿಯವರೆಗೆ ಕೆಲಸ. ಪಾಳಿ ಮುಗಿದಾಗ
ವಾಲ್ವು ಮುಚ್ಚುವ ಮುಂಚೆ ಒಂದು ಗಳಿಗೆ
ಟಾರ್ಚನ್ನು ಕಿವಿಯ ಹತ್ತಿರ ಹಿಡಿಯುತ್ತೇನೆ.
ಸುಸ್.
ಹುಡುಗರು ನೋಡುತ್ತಾರೆ. ನೋಡಲಿ.